ನಂಜನಗೂಡಿನ ಎರಡು ಮನೆ

ನಾಶಿಕ್‌ನಲ್ಲಿ ನಾಲ್ಕು ಜನ ಕನ್ನಡಿಗರು ಒಂದು ಕಡೆ ಸೇರಿದರೆ ಯಾರಾದರೊಬ್ಬರು ಕವಿರಾಜಮಾರ್ಗದ ಮಾತು ತೆಗೆದೇ ತೆಗೆಯುತ್ತಾರೆ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಹೇಳಿದೆ. ಗೋದಾವರಿ ಹುಟ್ಟುವುದು ಇಲ್ಲೇ ಪಕ್ಕದ ತ್ರ್ಯಂಬಕೇಶ್ವರದಲ್ಲಿ. ಅಂದಮೇಲೆ ನಾವೇನು ಹೊರನಾಡಿಗೆ ಬಂದವರಲ್ಲ, ಹಳೇ ಮನೆಯ ಹಿತ್ತಲಲ್ಲಿ ಬಂದು ಕೂತವರು! ಇಷ್ಟು ಹೇಳಿಕೊಂಡು ಸಮಾಧಾನಪಟ್ಟು, ಅವಲಕ್ಕಿ ಚಹಾ ಮುಗಿಸಿ ಎಲ್ಲರೂ ಮನೆಗೆ ಹೋಗುತ್ತಾರೆ.

ನಾನೂ ಎಷ್ಟೋ ಸಲ ಹೀಗೆ ಹೇಳಿದ್ದೇನೆ. ಆದರೆ ಕವಿರಾಜಮಾರ್ಗ ಗಡಿಯ ತಕರಾರಿಗಾಗಿ ಬರೆದ ಪುಸ್ತಕವಲ್ಲ. ಕಾವ್ಯವನ್ನು ಹೇಗೆ ಕಟ್ಟಬೇಕು, ಎಲ್ಲಿ ದೋಷ, ಎಲ್ಲಿ ಗುಣ ಅಂತ ತೂಗಿ ಹೇಳುವ ಪುಸ್ತಕ. ಈ ನಾಡಿನ ಜನ ಶಾಸ್ತ್ರ ಓದದೇ ಇದ್ದರೂ ಕಾವ್ಯ ಬಲ್ಲವರು ಅನ್ನುವ ಮಾತು ಅದರಲ್ಲಿದೆ. ಇನ್ನೊಬ್ಬರ ವಿಚಾರವನ್ನು ಸೈರಿಸುವುದೇ ನಿಜವಾದ ಬಂಗಾರ ಅನ್ನುವ ಮಾತೂ ಇದೆ. ನದಿಯ ಸಾಲನ್ನು ನಾವು ಬಾಯಿಪಾಠ ಮಾಡಿಕೊಂಡೆವು, ಇವೆರಡನ್ನು ಬಿಟ್ಟೆವು. ನನಗಂತೂ ಈ ಎರಡು ಮಾತು ಅರ್ಥವಾಗಲು ನಾಶಿಕ್‌ನಲ್ಲಿ ಎಂಟು ವರ್ಷ, ಆಮೇಲೆ ಔರಂಗಾಬಾದಿನಲ್ಲಿ ಇನ್ನಷ್ಟು ವರ್ಷ ಬೇಕಾದವು. ಅದು ಹೇಗೆ ಅಂತ ಹೇಳುವುದಕ್ಕೇ ಈ ಬರಹ.

1998ರಲ್ಲಿ ಹುಬ್ಬಳ್ಳಿಯಿಂದ ಹೊರಟಾಗ ನನ್ನ ಟ್ರಂಕಿನಲ್ಲಿ ಹದಿನೆಂಟು ಕನ್ನಡ ಪುಸ್ತಕಗಳಿದ್ದವು. ಅವ್ವ ಕೊಟ್ಟ ಶೇಂಗಾ ಚಟ್ನಿಯ ಡಬ್ಬಿಯೂ ಅವುಗಳ ಪಕ್ಕದಲ್ಲೇ ಇತ್ತು. ಈಗ ಯೋಚಿಸಿದರೆ, ಪುಸ್ತಕಗಳ ಜೊತೆಗೆ ಅವುಗಳ ಬಗೆಗಿನ ಅಭಿಪ್ರಾಯಗಳನ್ನೂ ಊರಿಂದಲೇ ಕಟ್ಟಿಸಿಕೊಂಡು ಬಂದಿದ್ದೆ. ಯಾವುದು ಮಹತ್ವದ ಕೃತಿ, ಯಾವುದು ಸುಮ್ಮನೆ ಸದ್ದು ಮಾಡಿದ್ದು, ಯಾರು ಯಾವ ಗುಂಪು, ಇವೆಲ್ಲ ಕಾಲೇಜಿನ ಕಟ್ಟೆಯ ಮೇಲೆ, ಧಾರವಾಡದ ಸಭೆಗಳಲ್ಲಿ, ಚಹಾದಂಗಡಿಯಲ್ಲಿ ಕಿವಿಗೆ ಬಿದ್ದು ತಾನಾಗಿ ನನ್ನವಾಗಿದ್ದವು. ಅದರಲ್ಲಿ ನಾನೇ ಓದಿ ಕಂಡುಕೊಂಡದ್ದು ಎಷ್ಟು, ಕೇಳಿ ಇಟ್ಟುಕೊಂಡದ್ದು ಎಷ್ಟು ಅಂತ ಯಾರೂ ಲೆಕ್ಕ ಕೇಳಿರಲಿಲ್ಲ. ಊರಲ್ಲಿ ಅಂಥ ಲೆಕ್ಕ ಯಾರೂ ಕೇಳುವುದಿಲ್ಲ. ಎಲ್ಲರ ಲೆಕ್ಕವೂ ಹಾಗೇ ಇರುತ್ತದಲ್ಲ!

ನನ್ನ ಓದಿನ ಚಟಗಳೂ ಅಂಥವೇ. ಪುಸ್ತಕ ಕೊಂಡ ಕೂಡಲೇ ಮೊದಲ ಪುಟದಲ್ಲಿ ಹೆಸರು, ಊರು, ತಾರೀಖು ಬರೆಯುವುದು. ಮುನ್ನುಡಿ, ಬೆನ್ನುಡಿ ತಪ್ಪದೇ ಓದುವುದು. ನಡುವಿನ ಒಂದೆರಡು ಪುಟ ತೆರೆದು ನೋಡುವುದು. ಇಷ್ಟಾದರೆ ಆ ಪುಸ್ತಕದ ಮೇಲೆ ಹತ್ತು ನಿಮಿಷ ಮಾತಾಡುವ ಬಂಡವಾಳ ಕೂಡಿತು ಅಂತಲೇ ಅರ್ಥ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಈಗ ಸಣ್ಣಗೆ ನಗುತ್ತಿರಬಹುದು.

ನಾಶಿಕ್‌ನಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೆ ಒಬ್ಬ ಕಾಕೂ ಇದ್ದರು. ಶಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದವರು. ಮೆಟ್ಟಿಲಲ್ಲಿ ಸಿಕ್ಕರೆ ಊಟ ಆಯಿತಾ ಅಂತ ಕೇಳುವವರಲ್ಲ, "ಸಧ್ಯಾ ಕಾಯ್ ವಾಚತೋಸ್?" ಅಂತ ಕೇಳುವವರು. ಸದ್ಯ ಏನು ಓದ್ತಿದ್ದೀ ಅಂತ. ಈ ಪ್ರಶ್ನೆ ನನಗೆ ಹೊಸದು. ನಮ್ಮಲ್ಲಿ "ಏನು ಓದೀಯಪಾ?" ಅಂದರೆ ಬಿ.ಎ. ಏನು, ಬಿ.ಇ. ಏನು ಅಂತ ಅರ್ಥ. ಮರಾಠಿಯ ವಾಚಣೆ ಅನ್ನುವ ಶಬ್ದಕ್ಕೆ ಓದುವುದು ಅಂತಲೂ ಅರ್ಥ, ಬದುಕಿ ಉಳಿಯುವುದು ಅಂತಲೂ ಅರ್ಥ. ಅಲ್ಲಿಯ ಸಾರ್ವಜನಿಕ ವಾಚನಾಲಯ ಶುರುವಾದದ್ದು 1840ರಲ್ಲಿ. ಕಾಕೂ ಮದುವೆಯಾಗಿ ಬಂದಂದಿನಿಂದ ಅಲ್ಲಿಯ ಸದಸ್ಯರು. ಸೊಸೆಯ ಕೈಗೆ ತರಕಾರಿ ಚೀಟಿ ಕೊಟ್ಟಷ್ಟೇ ಸಲೀಸಾಗಿ ಪುಸ್ತಕದ ಚೀಟಿಯನ್ನೂ ಕೊಟ್ಟು ಕಳಿಸುತ್ತಿದ್ದರು.

ನಾನು ಕನ್ನಡದವನು ಅಂತ ಗೊತ್ತಾದ ದಿನವೇ ಅವರು ಭೈರಪ್ಪನವರ ಮಾತು ತೆಗೆದರು. "ಭೈರಪ್ಪಾ ತರ ಆಮಚೇಚ್ ಆಹೇತ್" ಅಂದರು, ಭೈರಪ್ಪ ಅಂದರೆ ನಮ್ಮವರೇ ಅಂತ. ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಉಮಾ ಕುಲಕರ್ಣಿಯವರ ಅನುವಾದಗಳಿಂದ ಭೈರಪ್ಪನವರು ಮರಾಠಿ ಮನೆಗಳಲ್ಲಿ ಮನೆಯವರೇ ಆಗಿಬಿಟ್ಟಿದ್ದಾರೆ. 'ವಂಶವೃಕ್ಷ'ದ ಅನುವಾದಕ್ಕೆ ಉಮಾ ಅವರಿಗೆ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರವೂ ಬಂತು. ಅವರು ಕೆಲಸ ಮಾಡುತ್ತಿದ್ದ ರೀತಿಯೂ ವಿಶೇಷ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಓದಿ ಹೇಳುವುದು, ಇವರು ಕೇಳಿಸಿಕೊಂಡು ಮರಾಠಿಗೆ ತರುವುದು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಿ ಆ ಪುಸ್ತಕ ಗಡಿ ದಾಟಿತು. ಈ ಸಂಗತಿ ಮುಂದೆ ನನ್ನ ಉಪಯೋಗಕ್ಕೂ ಬಂತು, ಹೇಳುತ್ತೇನೆ.

ಕಾಕೂ 'ವಂಶವೃಕ್ಷ'ವನ್ನು ಮೂರು ಸಲ ಓದಿದ್ದರು, ಮೂರು ಸಲವೂ ಸಿಟ್ಟಿನಿಂದ. ಕಾತ್ಯಾಯನಿ ವಿಧವೆ. ಕಾಲೇಜಿಗೆ ಹೋಗುತ್ತಾಳೆ, ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ, ಮಗನನ್ನು ನಂಜನಗೂಡಿನ ಶ್ರೋತ್ರಿಗಳ ಮನೆಯಲ್ಲೇ ಬಿಡಬೇಕಾಗುತ್ತದೆ. ಆಮೇಲೆ ಹೊಸ ಸಂಸಾರದಲ್ಲಿ ಗರ್ಭ ನಿಲ್ಲುವುದಿಲ್ಲ, ಮತ್ತೆ ಮತ್ತೆ ಹೋಗುತ್ತದೆ. ಕೊನೆಗೆ ಅವಳೂ ಹೋಗುತ್ತಾಳೆ. "ಇದು ಅವಳ ಪಾಪವೇನೋ? ಇದನ್ನೆಲ್ಲ ಅವಳ ಹೊಟ್ಟೆಯೊಳಗೆ ತಂದಿಟ್ಟಿದ್ದು ಬರೆದವರು. ದೇವರ ಹೆಸರು ಯಾಕೆ ಹೇಳಬೇಕು?" ಅಂತ ಅವರ ವಾದ.

ನಾನು ಊರಿಂದ ತಂದ ಡಬ್ಬಿ ತೆರೆದೆ. ಅದು ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ ಅಂದೆ, ಲೇಖಕರು ತೀರ್ಪು ಕೊಡುವುದಿಲ್ಲ ಅಂದೆ, ಕಾತ್ಯಾಯನಿಯ ಅಪರಾಧಪ್ರಜ್ಞೆ ಅವಳ ಮನಸ್ಸಿನದು ಅಂದೆ. ಕಾಕೂ ಪೂರ್ತಿ ಕೇಳಿಸಿಕೊಂಡರು. "ನೀನು ಈ ಪುಸ್ತಕ ಎಷ್ಟನೇ ವಯಸ್ಸಿನಲ್ಲಿ ಓದಿದ್ದು?" ಅಂದರು. ಹತ್ತೊಂಬತ್ತು ಅಂದೆ. "ಹಾಗಾದರೆ ಇನ್ನೊಮ್ಮೆ ಓದು. ಈಗ ನಿನಗೂ ಮಗಳಿದ್ದಾಳೆ" ಅಂತ ಹೇಳಿ ಒಳಗೆ ಹೋದರು.

ನಾನು ಓದಲಿಲ್ಲ. ಓದಿದ್ದೇನಲ್ಲ, ಮತ್ತೇನು ಓದುವುದು ಅಂತ ಸುಮ್ಮನಾದೆ.

2006ರಲ್ಲಿ ಕೆಲಸ ನನ್ನನ್ನು ಔರಂಗಾಬಾದಿಗೆ ತಂದು ಹಾಕಿತು. ಆ ಊರಿನ ಹೆಸರು 2023ರಲ್ಲಿ ಛತ್ರಪತಿ ಸಂಭಾಜಿನಗರ ಅಂತಾಯಿತು. ನನ್ನ ಪುಸ್ತಕಗಳ ಮೊದಲ ಪುಟದಲ್ಲಿ ಎರಡೂ ಹೆಸರುಗಳಿವೆ. ಅಲ್ಲಿ ಇನ್ನೊಬ್ಬ ಓದುಗರ ಗೆಳೆತನವಾಯಿತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. ನಾನು ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆ. ಅಂಬೇಡ್ಕರರು 1950ರಲ್ಲಿ ಸ್ಥಾಪಿಸಿದ ಮಿಲಿಂದ ಕಾಲೇಜಿನಲ್ಲಿ ಓದಿದವರು ಸರ್. 1978ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಲು ಶಾಸನಸಭೆ ಠರಾವು ಮಾಡಿದಾಗ ಹಳ್ಳಿಗಳಲ್ಲಿ ದಲಿತರ ಮನೆಗಳು ಸುಟ್ಟುಹೋದವು. ಹೆಸರು ಬಂದದ್ದು 1994ರ ಜನವರಿ 14ಕ್ಕೆ. ನಡುವಿನ ಆ ಹದಿನಾರು ವರ್ಷ ಸರ್ ಇದೇ ಊರಲ್ಲಿದ್ದರು. ಅದರ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತೆಲ್ಲ ಪುಸ್ತಕದ್ದೇ.

ಮೊದಲ ಭೇಟಿಯಲ್ಲೇ ಅವರು ಕೇಳಿದರು. "ನಾಶಿಕ್‌ನಲ್ಲಿ ಎಂಟು ವರ್ಷ ಇದ್ದಿರಂತೆ. ಬಾಬುರಾವ್ ಬಾಗೂಲರನ್ನು ಭೇಟಿಯಾಗಿದ್ದಿರಾ?"

ನಾನು ಆ ಹೆಸರೇ ಕೇಳಿರಲಿಲ್ಲ. ಜ್ಞಾನಪೀಠ ಪಡೆದ ಕುಸುಮಾಗ್ರಜರ ಮನೆ ನೋಡಿ ಬಂದಿದ್ದೆ, ಅವರ ಬಗ್ಗೆ ನಾಲ್ಕು ಮಾತೂ ಬಲ್ಲೆ. ಅದೇ ನಾಶಿಕ್‌ನಲ್ಲಿ, 1963ರಲ್ಲೇ 'ಜೇವ್ಹಾ ಮೀ ಜಾತ ಚೋರಲೀ ಹೋತೀ' ಅನ್ನುವ ಕಥಾಸಂಗ್ರಹದಿಂದ ಮರಾಠಿ ಕಥೆಯ ದಿಕ್ಕು ಬದಲಿಸಿದ ಲೇಖಕ ಇದ್ದಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಮುಂದೆ ಒಮ್ಮೆ ಹೋಗಿ ಕಂಡು ಬರೋಣ ಅಂದುಕೊಂಡೆ. 2008ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಸರ್ ನನಗೆ ದಯಾ ಪವಾರರ 'ಬಲುತಂ' ಕೊಟ್ಟರು. ಮರಾಠಿ ನಿಧಾನವಾಗಿ ಓದುವವನು ನಾನು, ಎರಡು ತಿಂಗಳು ಹಿಡಿಯಿತು. ಊರಿನ ಚಾಕರಿ ಮಾಡಿದವರಿಗೆ ಸುಗ್ಗಿಯಲ್ಲಿ ಕೊಡುವ ಕಾಳಿನ ಪಾಲು ಬಲುತಂ. ನಮ್ಮ ಕಡೆ ಆಯ ಅನ್ನುತ್ತೇವೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕಣದಲ್ಲೂ ಆಯ ಅಳೆದು ಕೊಟ್ಟದ್ದು ನೋಡಿದ್ದೇನೆ. ತೆಗೆದುಕೊಂಡವರ ಕಡೆಯಿಂದ ಆ ಕಣ ಹೇಗೆ ಕಾಣುತ್ತದೆ ಅನ್ನುವುದನ್ನು ನಾನು ಓದಿದ್ದು ಅದೇ ಮೊದಲು. ಅದೂ ಇನ್ನೊಂದು ಭಾಷೆಯಲ್ಲಿ.

ಅದಕ್ಕೆ ಬದಲಾಗಿ ನಾನು ಅವರಿಗೆ ಕೊಟ್ಟದ್ದು ಮರಾಠಿ 'ವಂಶವೃಕ್ಷ'. ಅವರು ನಾಲ್ಕೇ ದಿನದಲ್ಲಿ ಓದಿ ಮುಗಿಸಿದರು. "ಶ್ರೋತ್ರಿಗಳು ದೊಡ್ಡ ಮನುಷ್ಯ. ತಾನು ಆ ವಂಶದ ರಕ್ತವೇ ಅಲ್ಲ ಅಂತ ಗೊತ್ತಾದ ಮೇಲೆ ಆಸ್ತಿ ಬಿಟ್ಟು ಎದ್ದು ಹೋಗ್ತಾರಲ್ಲ, ಅದನ್ನು ಬರೆಯೋದಕ್ಕೆ ಧೈರ್ಯ ಬೇಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಮಾತು ಕೇಳಲಾ? ಆ ನಂಜನಗೂಡಿನಲ್ಲಿ ನಮ್ಮ ವಸ್ತಿ ಎಲ್ಲಿತ್ತು?" ಅಂದರು.

ಅದರಲ್ಲಿ ಟೀಕೆಯ ಧ್ವನಿ ಇರಲಿಲ್ಲ. ಹೊಸ ಊರಿಗೆ ಹೋದವರು ದಾರಿ ಕೇಳುತ್ತಾರಲ್ಲ, ಹಾಗಿತ್ತು. ನನಗೋ, ನಮ್ಮ ಭಾಷೆಯ ಮರ್ಯಾದೆ ಉಳಿಸಬೇಕು ಅನ್ನುವ ಆವೇಶ. "ಇದೆ ಸರ್, ನಮ್ಮಲ್ಲಿ ದೇವನೂರ ಮಹಾದೇವ ಇದ್ದಾರೆ. 'ಕುಸುಮಬಾಲೆ' ಇದೆ, 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಿದೆ" ಅಂತ ಶುರು ಮಾಡಿದೆ. ಭಾಷೆ ಅದ್ಭುತ ಅಂದೆ, ಗದ್ಯವೂ ಅಲ್ಲ ಪದ್ಯವೂ ಅಲ್ಲ ಅಂದೆ, ಜಾನಪದದ ಕಸುವು ಅಂದೆ. ದಲಿತ ಹುಡುಗ ಚೆನ್ನ, ಮೇಲುಜಾತಿಯ ಮನೆಯ ಕುಸುಮ, ಅವರಿಗೊಂದು ಮಗು, ಚೆನ್ನನ ಕೊಲೆ, ಎಲ್ಲ ಹೇಳಿದೆ.

ಸರ್ ಮುಂದಕ್ಕೆ ಬಾಗಿ ಕೇಳುತ್ತಿದ್ದವರು, "ಆಮೇಲೆ ಆ ಮಗು?" ಅಂದರು.

ನನಗೆ ಗೊತ್ತಿರಲಿಲ್ಲ.

ನಿಜ ಹೇಳುತ್ತೇನೆ. 'ಕುಸುಮಬಾಲೆ' ನನ್ನ ಟ್ರಂಕಿನ ಹದಿನೆಂಟು ಪುಸ್ತಕಗಳಲ್ಲಿ ಒಂದು. ಅದರ ಮೊದಲ ಹನ್ನೆರಡು ಪುಟ ಓದಿದ್ದೆ. ಅದರ ಭಾಷೆ ನಂಜನಗೂಡಿನ ಕಡೆಯ ಆಡುಮಾತು, ಹುಬ್ಬಳ್ಳಿಯ ನನ್ನ ಕಿವಿಗೆ ಹಿಡಿಯಲಿಲ್ಲ. ಬಿಟ್ಟೆ. ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಹದಿನೈದು ವರ್ಷ ಅದನ್ನು ಹೊಗಳುತ್ತಾ ಬಂದೆ. ಅದಕ್ಕೆ ಬೇಕಾದ ಶಬ್ದಗಳೆಲ್ಲ ಸಭೆಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು.

"ಪೂರ್ತಿ ಓದಿಲ್ಲ ಸರ್" ಅಂದೆ. ತಲೆ ತಗ್ಗಿತ್ತು.

ಸರ್ ಬಯ್ಯಲಿಲ್ಲ. "ಓದದೇ ಇರೋದು ತಪ್ಪಲ್ಲ. ಓದದೇ ಬಯ್ಯೋರನ್ನು ನಾನು ಬಹಳ ನೋಡಿದ್ದೀನಿ, ಅವರ ಜೊತೆ ಜಗಳ ಮಾಡಬಹುದು. ಓದದೇ ಹೊಗಳಿದರೆ ಏನು ಮಾಡೋದು ಹೇಳಿ? ನಮಗೆ ಕೈಮುಗಿದು ಬಾಗಿಲ ಹೊರಗೇ ನಿಲ್ಲಿಸಿದ ಹಾಗೆ" ಅಂದರು.

ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಸಾಹಿತ್ಯ ವಿಮರ್ಶೆಯ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಆ ಮೇಲಿನ ಮಳೆಗಾಲದಲ್ಲಿ ವಾರಕ್ಕೆರಡು ಸಂಜೆ ಸರ್ ಮನೆಗೆ 'ಕುಸುಮಬಾಲೆ' ಹಿಡಿದುಕೊಂಡು ಹೋದೆ. ವಿರೂಪಾಕ್ಷ ಕುಲಕರ್ಣಿಯವರ ದಾರಿಯೇ ನನಗೆ ಆಸರೆಯಾಯಿತು. ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಆಮೇಲೆ ನನ್ನ ಹರಕು ಮರಾಠಿಯಲ್ಲಿ ಹೇಳುವುದು. ಎಷ್ಟೋ ಶಬ್ದ ನನಗೇ ತಿಳಿಯುತ್ತಿರಲಿಲ್ಲ. ಮೈಸೂರು ಕಡೆಯ ನಮ್ಮ ಪರಿಚಯದ ಅಕ್ಕ ಒಬ್ಬರಿಗೆ ಫೋನ್ ಮಾಡಿ ಕೇಳುತ್ತಿದ್ದೆ. "ಇದನ್ನ ಕಣ್ಣಲ್ಲಿ ಓದಬೇಡಿ, ಬಾಯಲ್ಲಿ ಓದಿ, ಬರುತ್ತೆ" ಅಂದರು ಅವರು. ಹಾಗೆಯೇ ಆಯಿತು. ಕಣ್ಣಿಗೆ ಕಗ್ಗಂಟಾಗಿದ್ದ ವಾಕ್ಯ ಬಾಯಿಗೆ ಬಂದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ರಾತ್ರಿ ಮನೆಮನೆಯ ದೀಪಗಳ ಜೀವಗಳು, ಆ ಜೋತಮ್ಮಗಳು, ಒಂದು ಕಡೆ ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡುವ ಭಾಗ ಬಂದಾಗ ಸರ್ ಓದು ನಿಲ್ಲಿಸಿ ಒಳಗಿನಿಂದ ತಮ್ಮ ಹೆಂಡತಿಯನ್ನು ಕರೆದರು. "ಇನ್ನೊಮ್ಮೆ ಓದಿ, ಇವಳೂ ಕೇಳಲಿ" ಅಂದರು. ಬಾಯೀ ಸೆರಗಲ್ಲಿ ಕೈ ಒರೆಸುತ್ತಾ ಬಂದು ಕೂತರು.

ಆ ಹೊತ್ತಿನಲ್ಲೇ ನನಗೆ ಹೊಳೆದದ್ದು, ಈ ಎರಡು ಕಾದಂಬರಿಗಳ ಊರು ಒಂದೇ ಅಂತ. ಶ್ರೋತ್ರಿಗಳ ಮನೆ ನಂಜನಗೂಡಿನಲ್ಲಿ. ಮಹಾದೇವರ ದೇವನೂರು ಅದೇ ತಾಲೂಕಿನ ಹಳ್ಳಿ. ಎರಡರ ಪ್ರಶ್ನೆಯೂ ಒಂದೇ. ಮಗು ಯಾರದು? ವಂಶ ಅಂದರೆ ಯಾವುದು? 'ವಂಶವೃಕ್ಷ'ದಲ್ಲಿ ಆ ಪ್ರಶ್ನೆ ಹಳೆಯ ಕಾಗದಗಳೊಳಗೆ ಅಡಗಿರುತ್ತದೆ, ಒಬ್ಬ ಧರ್ಮಿಷ್ಠ ಮನುಷ್ಯ ಅದನ್ನು ಕಂಡುಹಿಡಿದು ಮೌನವಾಗಿ ಮನೆ ಬಿಡುತ್ತಾನೆ. ಸತ್ಯಕ್ಕೆ ಅಲ್ಲಿ ಘನತೆ ಇದೆ, ಬಿಟ್ಟುಹೋಗಲು ಮನೆ ಇದೆ. 'ಕುಸುಮಬಾಲೆ'ಯಲ್ಲಿ ಅದೇ ಪ್ರಶ್ನೆ ಕೇಳಿದ್ದಕ್ಕೆ ಒಬ್ಬ ಹುಡುಗನ ಜೀವ ಹೋಗುತ್ತದೆ. ಅಲ್ಲಿ ಸತ್ಯವನ್ನು ಮನುಷ್ಯರು ಆಡಲಾರರು, ದೀಪಗಳು ಆಡಬೇಕು. ಒಂದೇ ತಾಲೂಕಿನ ಈ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಒಂದನ್ನೇ ಓದಿ ಊರೆಲ್ಲ ಕಂಡೆ ಅನ್ನುವುದು ಮಾತ್ರ ಸುಳ್ಳಾಗುತ್ತದೆ.

ಇನ್ನೊಂದು ಸಂಗತಿಯೂ ತಿಳಿಯಿತು. 'ವಂಶವೃಕ್ಷ' ಪುಸ್ತಕದ ಕನ್ನಡದಲ್ಲಿದೆ, ಅನುವಾದಕ್ಕೆ ಒಗ್ಗುವ ಗದ್ಯ. ಅದು ಸುಲಭವಾಗಿ ರೈಲು ಹತ್ತಿ ನಾಶಿಕ್‌ಗೆ ಬಂತು, ಕಾಕೂ ಮನೆಯ ಕಪಾಟು ಸೇರಿತು. 'ಕುಸುಮಬಾಲೆ'ಯ ಜೀವ ಆಡುಮಾತಿನಲ್ಲಿದೆ, ಅದಕ್ಕೆ ಹುಬ್ಬಳ್ಳಿ ದಾಟುವುದೇ ಕಷ್ಟ. ಹೊರಗಿನವರು ಕನ್ನಡ ಅಂದರೆ ಇಷ್ಟೇ ಅಂತ ತಿಳಿದುಕೊಂಡರೆ ತಪ್ಪು ಅವರದಲ್ಲ. ಒಳಗಿದ್ದ ನಾವೇ ಕೆಲವು ಪುಸ್ತಕಗಳನ್ನು ಹೊಗಳಿ ಹೊಗಳಿ ಮೂಲೆಯಲ್ಲಿಟ್ಟಿದ್ದೇವೆ. ಅಂಥ ಪುಸ್ತಕಗಳು ದಾಟಬೇಕಾದರೆ ಒಬ್ಬ ಓದುಗ ಇನ್ನೊಬ್ಬ ಓದುಗನ ಮನೆಗೆ ಹೊತ್ತುಕೊಂಡು ಹೋಗಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಅದಾದ ಮೇಲೆ 'ವಂಶವೃಕ್ಷ'ವನ್ನು ಮತ್ತೆ ಓದಿದೆ, ಕಾಕೂ ಹೇಳಿ ಎಷ್ಟೋ ವರ್ಷಗಳಾದ ಮೇಲೆ. ಅವರು ಹೇಳಿದ್ದು ಸರಿ. ಕಾತ್ಯಾಯನಿಯ ಗರ್ಭ ಹೋಗುವ ಪುಟಗಳಲ್ಲಿ ಲೇಖಕರ ಕೈ ಕಾಣುತ್ತದೆ. ಅವಳು ಸೋಲಲೇಬೇಕು ಅಂತ ಮೊದಲೇ ನಿಶ್ಚಯವಾದ ಹಾಗಿದೆ. ಹತ್ತೊಂಬತ್ತರಲ್ಲಿ ನನಗೆ ಅದು ವಿಧಿ ಅನ್ನಿಸಿತ್ತು. ಆದರೆ ಸರ್ ಹೇಳಿದ್ದೂ ಸರಿ. ಶ್ರೋತ್ರಿಗಳ ಕೊನೆಯ ನಿರ್ಧಾರ ಆ ವಂಶದ ಗರ್ವವನ್ನು ಒಳಗಿನಿಂದಲೇ ಉರುಳಿಸುತ್ತದೆ. ಕಾದಂಬರಿ ತನ್ನ ಲೇಖಕರಿಗಿಂತಲೂ ನಿಷ್ಠುರವಾಗಿದೆ ಅನ್ನುವುದು ಈಗ ನನ್ನ ಅಭಿಪ್ರಾಯ. ಇದನ್ನು ನನಗೆ ಕಲಿಸಿದ್ದು ಒಬ್ಬ ಶಾಲೆಯ ಬಾಯಿ, ಒಬ್ಬ ಗ್ರಂಥಾಲಯದ ಸರ್. ಇಬ್ಬರಿಗೂ ಕನ್ನಡ ಬಾರದು. ಊರಲ್ಲೇ ಇದ್ದಿದ್ದರೆ ನನಗೆ ಇಂಥ ಓದುಗರು ಸಿಗುತ್ತಿರಲಿಲ್ಲ ಅಂತಲ್ಲ, ಇಷ್ಟು ಬಿಡಿಸಿ ಹೇಳುವ ಅಗತ್ಯವೇ ನನಗೆ ಬೀಳುತ್ತಿರಲಿಲ್ಲ. ಗೊತ್ತಿದ್ದವರ ನಡುವೆ ಹೆಸರು ಹೇಳಿದರೆ ಸಾಕು. ಗೊತ್ತಿಲ್ಲದವರ ಮುಂದೆ ಪುಸ್ತಕವನ್ನೇ ಹೇಳಬೇಕು.

ಜಿ.ಎ. ಕುಲಕರ್ಣಿಯವರ ನೆನಪಾಗುತ್ತದೆ. ಮರಾಠಿಯ ಅಷ್ಟು ದೊಡ್ಡ ಕಥೆಗಾರ ಇದ್ದದ್ದು ನಮ್ಮ ಧಾರವಾಡದಲ್ಲಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾ. ಸುನೀತಾ ದೇಶಪಾಂಡೆಯವರಿಗೆ ಅವರು ಬರೆದ ಪತ್ರಗಳು ಈಗ ಪುಸ್ತಕವಾಗಿವೆ. ಓದಿದ್ದನ್ನು ಇನ್ನೊಬ್ಬರಿಗೆ ಹೇಳದೇ ಇರಲಾರದ ಮನುಷ್ಯನ ಪತ್ರಗಳು ಅವು. ನಾನು ಧಾರವಾಡಕ್ಕೆ ಅಷ್ಟು ಸಲ ಹೋಗಿ ಬಂದವನು, ಆ ಹೆಸರನ್ನು ಮೊದಲು ಕೇಳಿದ್ದು ನಾಶಿಕ್‌ನ ಮೆಟ್ಟಿಲ ಮೇಲೆ, ಕಾಕೂ ಬಾಯಲ್ಲಿ. ಅವರು ಕನ್ನಡದ ಊರಲ್ಲಿ ಕೂತು ಮರಾಠಿ ಬರೆದರು. ನಾವು ಮರಾಠಿಯ ಊರಲ್ಲಿ ಕೂತು ಕನ್ನಡ ಓದುತ್ತೇವೆ. ಪರಸ್ಪರ ಕೇಳಿಸಿಕೊಂಡದ್ದು ಮಾತ್ರ ಕಡಿಮೆ.

ನಾಶಿಕ್‌ನ ಕುಸುಮಾಗ್ರಜ ಪ್ರತಿಷ್ಠಾನ 2009ರಲ್ಲಿ 'ಗ್ರಂಥ ತುಮಚ್ಯಾ ದಾರೀ' ಅನ್ನುವ ಯೋಜನೆ ಶುರು ಮಾಡಿತು. ನೂರು ಪುಸ್ತಕಗಳ ಒಂದು ಪೆಟ್ಟಿಗೆ ಒಂದು ಓದುಗರ ಗುಂಪಿಗೆ ಬರುತ್ತದೆ. ಕೆಲವು ತಿಂಗಳು ಅವರಲ್ಲೇ ಕೈಯಿಂದ ಕೈಗೆ ತಿರುಗುತ್ತದೆ, ಆಮೇಲೆ ಪೆಟ್ಟಿಗೆ ಬದಲಾಗುತ್ತದೆ. ತಮ್ಮ ಕಟ್ಟಡಕ್ಕೂ ಒಂದು ಪೆಟ್ಟಿಗೆ ಬಂತು ಅಂತ ಕಾಕೂ ಫೋನಿನಲ್ಲಿ ಹೇಳಿದ್ದರು. "ಸಧ್ಯಾ ಕಾಯ್ ವಾಚತೋಸ್?" ಅಂತ ಎಂದಿನಂತೆ ಕೇಳಿದರು. ಆ ಸಲ ನನ್ನ ಹತ್ತಿರ ಉತ್ತರವಿತ್ತು. 'ಕುಸುಮಬಾಲೆ' ಮುಗಿಸಿದೆ ಅಂದೆ. "ಕಥೆ ಹೇಳು" ಅಂದರು. ಹೇಳಿದೆ. ಚೆನ್ನನ ಕೊಲೆಗೆ ಬಂದಾಗ ಅವರೂ ಕೇಳಿದ್ದು ಅದನ್ನೇ, "ಆಣಿ ತೇ ಬಾಳ?" ಅಂತ. ಮತ್ತೆ ಆ ಮಗು?

ಉತ್ತರ ಇಲ್ಲಿ ಬರೆಯುವುದಿಲ್ಲ. ನೀವು ಓದಿಕೊಳ್ಳಿ.

ನನ್ನ ಹಳೆಯ ಚಟಗಳಲ್ಲಿ ಒಂದು ಬದಲಾಗಿದೆ. ಕೊಂಡ ತಾರೀಖನ್ನು ಮೊದಲ ಪುಟದಲ್ಲಿ ಬರೆಯುವುದು ಬಿಟ್ಟಿದ್ದೇನೆ. ಓದಿ ಮುಗಿಸಿದ ದಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಊರು, ತಾರೀಖು ಬರೆಯುತ್ತೇನೆ. ಟ್ರಂಕಿನ ಹದಿನೆಂಟರಲ್ಲಿ ಈಗ ಹದಿನೈದರ ಕೊನೆಯ ಪುಟದಲ್ಲಿ ಪೆನ್ಸಿಲ್ ಬಿದ್ದಿದೆ. ಇನ್ನು ಮೂರು ಉಳಿದಿವೆ. ಅವುಗಳ ಬಗ್ಗೆ ಯಾರಾದರೂ ಕೇಳಿದರೆ, ಇನ್ನೂ ಓದಿಲ್ಲರೀ ಅನ್ನುತ್ತೇನೆ.